ಡೊಂಬಿವಲಿಯಿಂದ ನೆರೂಳ ಎಷ್ಟು ದೂರ?

"ಆಂಟೀ, ಆಂಬುಲೆನ್ಸ್ ಮೇ ಬೈಠೋಗೆ ಕ್ಯಾ?"

ಹದಿನಾಲ್ಕನೇ ಕಿಲೋಮೀಟರಿನಲ್ಲಿ ನೀರಿನ ಲೋಟ ಹಂಚುತ್ತಿದ್ದ ಕಾಲೇಜು ಹುಡುಗಿ ನನ್ನನ್ನು ಕೇಳಿದ ಪ್ರಶ್ನೆ ಇದು, ಆಂಬುಲೆನ್ಸಿನಲ್ಲಿ ಕೂರುತ್ತೀರಾ ಅಂತ. ತಮಾಷೆಯಾಗಿದ್ದರೆ ನಾನೂ ಒಂದು ಮಾತು ತಿರುಗಿಸಿ ಕೊಡುತ್ತಿದ್ದೆ. ಆದರೆ ಅವಳ ಮುಖದಲ್ಲಿ ನಿಜವಾದ ಗಾಬರಿ ಇತ್ತು. ನನ್ನ ಮುಖ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತ್ತಂತೆ (ಅದನ್ನೂ ಅವಳೇ ಹೇಳಿದಳು).

ಬೆಳಗಿನ ಎಂಟು ಗಂಟೆ. ಮಾರ್ಚ್ ತಿಂಗಳು. ಬೇಲಾಪುರದ ಪಾರ್ಸಿಕ್ ಗುಡ್ಡ. ಗಾಳಿ ಅವತ್ತು ಸಿಕ್ ಲೀವ್ ಹಾಕಿತ್ತು. ಬಿಸಿಲು ಮಾತ್ರ ಡ್ಯೂಟಿಗೆ ಒಂದು ಗಂಟೆ ಮೊದಲೇ ಹಾಜರು. ಹಾಫ್ ಮ್ಯಾರಥಾನ್ ಅಂದರೆ ಇಪ್ಪತ್ತೊಂದು ಕಿಲೋಮೀಟರ್. ಆ ಗುಡ್ಡವನ್ನು ಒಂದು ಸಲ ಹತ್ತಿ ಇಳಿದರೆ ಅಷ್ಟು ದೂರ ಆಗುವುದಿಲ್ಲವಲ್ಲ, ಅದಕ್ಕೆ ಎರಡು ಸಲ ಹತ್ತಬೇಕು. ಮೊದಲ ಸಲ ಹತ್ತುವಾಗ ಕತ್ತಲಿತ್ತು, ಉತ್ಸಾಹವಿತ್ತು. ಎರಡನೆಯ ಸಲ ಎರಡೂ ಇರಲಿಲ್ಲ.

"ನಹೀ ಬೇಟಾ" ಎಂದು ಎರಡು ಲೋಟ ನೀರು ತೆಗೆದುಕೊಂಡೆ. ಒಂದು ಬಾಯಿಗೆ, ಇನ್ನೊಂದು ತಲೆಗೆ.

ಐವತ್ತೊಂದು ವರ್ಷದ, ದಿನಾ ಮಂಡಿಗೆ ಎಣ್ಣೆ ತಿಕ್ಕಿಕೊಂಡು ಮಲಗುವ ಹೆಂಗಸಿಗೆ ಇದೆಲ್ಲ ಬೇಕಿತ್ತೇ? ನೀವೂ ಇದನ್ನೇ ಕೇಳುತ್ತೀರಿ, ಗೊತ್ತು. ಹೆಸರು ಕೊಟ್ಟು ಬಂದ ದಿನ ನನ್ನ ಗಂಡ ತುಳುವಿನಲ್ಲಿ ಕೇಳಿದರು, "ನಿಕ್ಕ್ ಮರ್ಲಾ?" ಮಗ ಮರಾಠಿಯಲ್ಲಿ ಕೇಳಿದ, "ಆಯೀ, ವೇಡ್ ಲಾಗ್ಲಂಯ್ ಕಾ?" ಎರಡಕ್ಕೂ ಅರ್ಥ ಒಂದೇ, ನಿನಗೆ ಹುಚ್ಚಾ ಅಂತ. ನಮ್ಮ ಡೊಂಬಿವಲಿಯ ಮನೆಯಲ್ಲಿ ಭಾಷೆ ಬೇರೆ ಬೇರೆಯಾದರೂ ನನ್ನ ವಿಷಯದಲ್ಲಿ ಒಮ್ಮತ ಇದೆ.

ಇಬ್ಬರಿಗೂ "ಆರೋಗ್ಯಕ್ಕೆ" ಎಂದು ಉತ್ತರ ಕೊಟ್ಟೆ. ಅದು ಸುಳ್ಳು. ನಾನು ಓಡಲು ಹೋದದ್ದು ಒಬ್ಬಳ ದನಿ ಕೇಳಬೇಕು ಅಂತ.

ಅವಳ ಹೆಸರು ನೀಲಾ. ಅಡ್ಡಹೆಸರು ಗೊತ್ತಿಲ್ಲ. ನನ್ನ ಫೋನಿನಲ್ಲಿ ಅವಳು ‘ನೀಲಾ 8.04’. ನೀವು ಊರಿನಲ್ಲಿ ಕೂತು ಓದುವವರಾದರೆ ಇದೇನು ವಿಚಿತ್ರ ಅನ್ನಿಸಬಹುದು. ಲೋಕಲ್ ಟ್ರೇನಿನವರಿಗೆ ವಿಚಿತ್ರ ಅಲ್ಲ. ನಮ್ಮಲ್ಲಿ ಮನುಷ್ಯರಿಗೆ ಮನೆತನ ಇರುವುದಿಲ್ಲ, ಗಾಡಿಯ ಟೈಮಿಂಗ್ ಇರುತ್ತದೆ. ಅವಳ ಫೋನಿನಲ್ಲಿ ನಾನು ‘ಉಡುಪಿ’. ನಾನು ಕಾರ್ಕಳದವಳು ಎಂದು ಹನ್ನೆರಡು ವರ್ಷ ತಿದ್ದಿದೆ. "ಎಲ್ಲಾ ಒಂದೇ ಬಿಡ, ಕಡೀಕ ಇಡ್ಲಿನೇ ಅಲ್ಲೇನು" ಅನ್ನುತ್ತಿದ್ದಳು. ಅವಳ ಅಪ್ಪ ವಿಜಯಪುರದ ಕಡೆಯಿಂದ ಬಂದು ಕಲ್ಯಾಣದಲ್ಲಿ ಲಾರಿಗೆ ಮೂಟೆ ಹೊತ್ತವರು. ಮಗಳು ಓದಿ ಆಫೀಸು ಸೇರಿದಳು. ನನಗಿಂತ ನಾಲ್ಕು ವರ್ಷ ದೊಡ್ಡವಳಾದ್ದರಿಂದ ನನಗೆ ನೀಲಕ್ಕ.

8.04ರ ಫಾಸ್ಟ್ ಹೊರಡುವುದು ಕಲ್ಯಾಣದಿಂದ. ಅಲ್ಲಿ ಹತ್ತುವ ನೀಲಕ್ಕನಿಗೆ ಲೇಡೀಸ್ ಡಬ್ಬದಲ್ಲಿ ಕಿಟಕಿ ಪಕ್ಕದ ಸೀಟು ಖಾಯಂ. ಡೊಂಬಿವಲಿಯಲ್ಲಿ ಹತ್ತುವ ನನಗೆ ನಿಲ್ಲಲು ಒಂದು ಕಾಲಿನ ಜಾಗ ಸಿಕ್ಕರೆ ಅದೇ ಪುಣ್ಯ. ಅದೂ ಗಾಡಿ ಸಿಕ್ಕರೆ. ಗಂಡನ ಊಟದ ಡಬ್ಬಿ, ಮಗನ ಡಬ್ಬಿ, ನನ್ನ ಡಬ್ಬಿ ಎಲ್ಲಾ ಮುಗಿಸಿ ನಾನು ಸೇತುವೆಯ ಮೆಟ್ಟಿಲಿಗೆ ಬರುವ ಹೊತ್ತಿಗೆ ಗಾಡಿ ಬಂದು ನಿಂತಿರುತ್ತಿತ್ತು. ಆಗ ಕಿಟಕಿಯ ಸರಳಿಗೆ ಮುಖ ಒತ್ತಿ ನೀಲಕ್ಕ ಕೂಗುತ್ತಿದ್ದಳು.

"ಓಡs ಉಡುಪಿ! ಓಡು!"

ಆ ಕೂಗಿಗೆ ಇಡೀ ಪ್ಲಾಟ್‌ಫಾರ್ಮ್ ತಿರುಗಿ ನೋಡುತ್ತಿತ್ತು. ನನಗೆ ನಾಚಿಕೆ. ಆದರೆ ಕಾಲುಗಳಿಗೆ ನಾಚಿಕೆ ಇರಲಿಲ್ಲ, ಅವು ಓಡುತ್ತಿದ್ದವು. ಸೆರಗು, ಬ್ಯಾಗು, ಛತ್ರಿ ಸಮೇತ. ಹನ್ನೆರಡು ವರ್ಷದಲ್ಲಿ ಆ ಕೂಗು ಇದ್ದ ದಿನ ನನಗೆ ಗಾಡಿ ತಪ್ಪಿದ್ದು ನೆನಪಿಲ್ಲ.

ಇನ್ನೊಂದು ಪದ್ಧತಿ ಇತ್ತು. ಅರ್ಧ ದಾರಿ ಅವಳು ಕೂರುವುದು, ಅರ್ಧ ದಾರಿ ನಾನು. ಮುಂಬ್ರಾ ದಾಟಿದ ಮೇಲೆ ಪಾರ್ಸಿಕ್ ಗುಡ್ಡದ ಬೋಗದೆ ಬರುತ್ತದೆ. ಫಾಸ್ಟ್ ಗಾಡಿ ಆ ಕತ್ತಲೆಯೊಳಗೆ ನುಗ್ಗಿದರೆ ಎಲ್ಲರ ಫೋನೂ ಕಟ್, ಮಾತೂ ಕಟ್. ಅಲ್ಲಿಂದ ಹೊರಗೆ ಬೆಳಕಿಗೆ ಬಂದ ಕೂಡಲೇ ನೀಲಕ್ಕ ಎದ್ದು ನಿಲ್ಲುತ್ತಿದ್ದಳು. "ಠಾಣೆ ಬಂತು. ಕೂಡು." ನಿಜ ಹೇಳಬೇಕೆಂದರೆ ಠಾಣೆ ಅರ್ಧ ದಾರಿಯೇ ಅಲ್ಲ. ಅಲ್ಲಿಂದ ಆಫೀಸಿನ ತನಕದ್ದೇ ದೊಡ್ಡ ಭಾಗ. ನಾನು ಕೇಳಿದರೆ, "ನೀ ಸಣಕಲಿ ಅದಿ, ಬೀಳ್ತಿ. ಸುಮ್ಮ ಕೂಡು" ಅನ್ನುತ್ತಿದ್ದಳು. ನಾನೂ ಕೂತೆ. ಹನ್ನೆರಡು ವರ್ಷ ಕೂತೆ!

ಮೂರು ವರ್ಷದ ಹಿಂದೆ ಒಂದು ಶುಕ್ರವಾರ ಠಾಣೆಯಲ್ಲಿ ಎದ್ದು ನಿಂತವಳು ಹೇಳಿದಳು, "ಸೋಮಾರದಿಂದ ನಾ ಬರಂಗಿಲ್ಲ. ಆಫೀಸು ಬೇಲಾಪುರಕ್ಕ ಹೋತು. ನೆರೂಳದಾಗ ಮನಿ ಹಿಡದೀವಿ."

ನಾನು ಏನು ಹೇಳಿದೆ ಗೊತ್ತೇ? "ಓಹ್, ನೆರೂಳಾ? ಹತ್ತಿರವೇ ಅಲ್ವಾ!"

ಹತ್ತಿರವೇ. ಡೊಂಬಿವಲಿಯಿಂದ ಠಾಣೆಗೆ ಬಂದು ಗಾಡಿ ಬದಲಿಸಿದರೆ ಒಂದೂವರೆ ಗಂಟೆಯೊಳಗೆ ಮುಟ್ಟಬಹುದು. ಆ ಒಂದೂವರೆ ಗಂಟೆ ನನಗೆ ಮೂರು ವರ್ಷವಾದರೂ ಸಿಗಲಿಲ್ಲ. ದುಬೈಗೆ ಹೋದ ನನ್ನ ನಾದಿನಿ ವಾರಕ್ಕೆರಡು ಸಲ ವಿಡಿಯೋ ಕಾಲ್ ಮಾಡಿ ಅಲ್ಲಿನ ಬದನೆಕಾಯಿ ತೋರಿಸುತ್ತಾಳೆ. ನೆರೂಳಕ್ಕೆ ಹೋದವಳು ಕಾಣೆಯಾದಳು. ದೂರ ಹೋದವರಿಗಾಗಿ ನಾವು ಟೈಮ್ ಮಾಡುತ್ತೇವೆ. ಹತ್ತಿರ ಇರುವವರು ಎಲ್ಲಿಗೆ ಹೋಗುತ್ತಾರೆ, ಮುಂದಿನ ಭಾನುವಾರ ನೋಡೋಣ ಅನ್ನುತ್ತೇವೆ. ಭಾನುವಾರ ಬಂದರೆ ಮೆಗಾಬ್ಲಾಕ್. ಹಳಿ ರಿಪೇರಿಗೆ ಹನ್ನೊಂದಕ್ಕೆ ಗಾಡಿ ಬಂದ್. ಪಾಪ, ರೈಲ್ವೆಯವರ ಮೇಲೆ ನಾನು ಹೊರಿಸಿದಷ್ಟು ತಪ್ಪು ಯಾರೂ ಹೊರಿಸಿರಲಿಕ್ಕಿಲ್ಲ.

ಸಂಪರ್ಕವೇ ಇರಲಿಲ್ಲ ಎಂದಲ್ಲ. ದಿನಾ ಬೆಳಗ್ಗೆ ಆರೂವರೆಗೆ ಅವಳಿಂದ ಗುಡ್ ಮಾರ್ನಿಂಗ್ ಚಿತ್ರ ಬರುತ್ತಿತ್ತು. ಗುಲಾಬಿ, ಸೂರ್ಯ, ಚಹಾದ ಕಪ್ಪು. ನಾನು ಕೈ ಮುಗಿಯುವ ಇಮೋಜಿ ಹಾಕುತ್ತಿದ್ದೆ. ಇಬ್ಬರೂ ಬದುಕಿದ್ದೇವೆ ಎಂಬುದಕ್ಕೆ ಅಷ್ಟು ಸಾಕಲ್ಲವೇ?

ಸಾಕಾಗಲಿಲ್ಲ. ಈಗಲೂ ನಾನು 8.04ಕ್ಕೆ ಹೋಗುತ್ತೇನೆ. ಎಷ್ಟೋ ದಿನ ಮೆಟ್ಟಿಲಲ್ಲಿರುವಾಗಲೇ ಗಾಡಿ ಹೊರಟುಬಿಡುತ್ತದೆ. ಯಾರೂ ಕೂಗುವುದಿಲ್ಲ. ನಾನೂ ಓಡುವುದಿಲ್ಲ. ಮುಂದಿನ ಗಾಡಿಗೆ ನಿಲ್ಲುತ್ತೇನೆ. ಮೊದಮೊದಲು ವಯಸ್ಸಾಯಿತು ಅಂದುಕೊಂಡೆ. ಆಮೇಲೆ ಒಂದು ದಿನ ಗಾಡಿ ಹೋದ ಪ್ಲಾಟ್‌ಫಾರ್ಮಿನಲ್ಲಿ ನಿಂತು, ಮುಂದಿನ ಗಾಡಿಯ ಕಿಟಕಿ ಕಿಟಕಿಯಲ್ಲೂ ಒಂದೇ ಮುಖ ಹುಡುಕಿದೆ. ಆಗ ತಿಳಿಯಿತು, ಇದು ವಯಸ್ಸಲ್ಲ. ನನಗೆ ನೀಲಕ್ಕ ಬೇಕಾಗಿತ್ತು.

ಅದೇ ವಾರ ನಮ್ಮ ಬಿಲ್ಡಿಂಗ್ ಸೊಸೈಟಿಯ ನೋಟಿಸ್ ಬೋರ್ಡಿನಲ್ಲಿ ಈ ಓಟದ ಚೀಟಿ ಕಂಡಿತು. ಬೇಲಾಪುರ! ನೆರೂಳದಿಂದ ಎರಡೇ ಸ್ಟೇಷನ್. ನಾನು ಗಾಡಿಗೆ ಓಡುವುದನ್ನು ನೋಡಿ ನೀಲಕ್ಕ ಹಿಂದೆ ಎಷ್ಟೋ ಸಲ ಹೇಳಿದ್ದಳು, "ನಿನ್ನ ಮ್ಯಾರಥಾನಕ್ಕ ಹಚ್ಚಬೇಕು ನೋಡ. ನಾ ಬಂದು ಒದರ್ತೀನಿ." ಸುಮ್ಮನೆ ಭೇಟಿಯಾಗೋಣ ಎಂದು ಬರೆಯಲು ಮೂರು ವರ್ಷದ ಸಂಕೋಚ. ಇದಾದರೆ ಒಂದು ನೆಪ. ಸೊಸೈಟಿಯ ಜೋಶಿಕಾಕಾ ಐದಾರು ಜನರನ್ನು ಕಟ್ಟಿಕೊಂಡು ಕೆರೆಯ ದಂಡೆಯಲ್ಲಿ ಪ್ರಾಕ್ಟೀಸ್ ಮಾಡಿಸುತ್ತಾರೆ. ಅವರ ಹಿಂದೆ ನಾಲ್ಕು ತಿಂಗಳು ಏದುಸಿರು ಬಿಟ್ಟೆ.

ಓಟಕ್ಕೆ ಮೂರು ದಿನ ಮೊದಲು ಬರೆದೆ: "ನೀಲಕ್ಕ, ಭಾನುವಾರ ಬೆಳಗ್ಗೆ ಬೇಲಾಪುರದಲ್ಲಿ ಓಡ್ತಿದ್ದೇನೆ. ನೀವು ಬರಬೇಕು."

ಎಲ್ಲಿಗೆ, ಎಷ್ಟು ಗಂಟೆಗೆ ಎಂದು ಬರೆಯಲಿಲ್ಲ. ಹನ್ನೆರಡು ವರ್ಷದಲ್ಲಿ ಅದನ್ನೆಲ್ಲ ಹೇಳಬೇಕಾಗಿ ಬಂದಿರಲೇ ಇಲ್ಲ.

ಉತ್ತರ ಬಂತು. ಒಂದು ಹೆಬ್ಬೆರಳು. ಹೆಬ್ಬೆರಳಿಗೆ ಏನರ್ಥ? ಬರುತ್ತೇನೆ ಅಂತಲೋ? ಓದಿದೆ ಅಂತಲೋ? ಓಡು, ಒಳ್ಳೆಯದಾಗಲಿ ಅಂತಲೋ?

ಆ ಹೆಬ್ಬೆರಳನ್ನು ನಂಬಿಕೊಂಡು ನಾನು ಗುಡ್ಡ ಹತ್ತಿದೆ. ರಸ್ತೆಯ ಪಕ್ಕ ನಿಂತಿದ್ದ ಒಬ್ಬೊಬ್ಬರ ಮುಖವನ್ನೂ ನೋಡಿದೆ. ಡೋಲು ಬಡಿಯುವವರು, ಸಕ್ಕರೆ ಅಚ್ಚು ಕೊಡುವ ಅಜ್ಜಿ, ನಾಯಿ ಹಿಡಿದು ನಿಂತ ಬಂಗಲೆಯವರು. "ಕಮ್ ಆನ್ ಆಂಟಿ" ಅಂದವರು ಬಹಳ ಜನ. "ಚಲಾ ಚಲಾ, ಥೋಡಂಚ್ ರಾಹಿಲಂಯ್" ಅಂದವರೂ ಇದ್ದರು. (ಸ್ವಲ್ಪವೇ ಉಳಿದಿದೆ ಎಂದು ಹೇಳುವವರನ್ನು ನಂಬಬೇಡಿ. ಅವರು ಒಂಬತ್ತನೇ ಕಿಲೋಮೀಟರಿನಲ್ಲೂ ಅದನ್ನೇ ಹೇಳುತ್ತಾರೆ.) ಓಡs ಅಂದವರು ಯಾರೂ ಇಲ್ಲ.

ಎರಡನೇ ಸಲ ಗುಡ್ಡದ ನೆತ್ತಿಗೆ ಬಂದಾಗ ಉತ್ತರಕ್ಕೆ ನೋಡಿದೆ. ಇದೇ ಗುಡ್ಡದ ಸಾಲು ಮುಂಬ್ರಾದ ತನಕ ಹೋಗುತ್ತದೆ. ಅಲ್ಲೆಲ್ಲೋ ಇದರ ಹೊಟ್ಟೆಯೊಳಗೆ ನಮ್ಮ ಬೋಗದೆ. ಹನ್ನೆರಡು ವರ್ಷ ಇದರೊಳಗೆ ಕೂತು ದಾಟಿದವಳು ಇವತ್ತು ಇದರ ಬೆನ್ನ ಮೇಲೆ ಸುಟ್ಟುಕೊಂಡು ಸಾಯುತ್ತಿದ್ದೇನಲ್ಲ ಎಂದು ನಗು ಬಂತು. ಕೂಡಲೇ ಅಳುವೂ ಬಂತು. ಬೆವರಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಮೂರು ಗಂಟೆ ಹನ್ನೆರಡು ನಿಮಿಷಕ್ಕೆ ಮುಗಿಸಿದೆ. ಕೊರಳಿಗೆ ಮೆಡಲ್ ಹಾಕಿದರು. ಬಾಳೆಹಣ್ಣು, ಉಪ್ಪಿಟ್ಟು ಕೊಟ್ಟರು. ಕೌಂಟರಿನಲ್ಲಿ ಇಟ್ಟಿದ್ದ ಬ್ಯಾಗು ಬಿಡಿಸಿಕೊಂಡು ಮೊದಲು ಫೋನ್ ನೋಡಿದೆ. ಆರೂವರೆಗೆ ಒಂದು ಗುಲಾಬಿ ಬಂದಿತ್ತು. ಅಷ್ಟೇ.

ಉಪ್ಪಿಟ್ಟಿನ ತಟ್ಟೆ ಹಿಡಿದು ಮುಕ್ಕಾಲು ಗಂಟೆ ಗೇಟಿನ ಹತ್ತಿರ ಕೂತೆ. ಜೋಶಿಕಾಕಾ ಕಾರು ತಂದರು. "ಚಲಾ, ಮಿಸಳ್ ಖಾವೂಯಾ." ಓಡಲು ಬಂದ ಸೊಸೈಟಿಯವರೆಲ್ಲ ಸೇರಿ ಮಿಸಳ್ ತಿಂದು ಡೊಂಬಿವಲಿಗೆ ಹೋಗುವ ಪ್ಲ್ಯಾನು. ಏಸಿ ಕಾರು, ಮೆತ್ತನೆಯ ಸೀಟು. ಒಂದು ಕಾಲು ಒಳಗಿಟ್ಟೆ ಕೂಡ. ಆದರೆ ಅವರೆಲ್ಲ ಟೈಮಿಂಗ್ ಬಗ್ಗೆ ಖುಷಿಯಿಂದ ಮಾತಾಡುತ್ತಿದ್ದರು. ನನಗೆ ಮೈಯೆಲ್ಲ ಸಿಟ್ಟು. ಒಂದು ಗುಲಾಬಿ ಕಳಿಸಲು ಆಗುತ್ತದೆ, ಎರಡು ಸ್ಟೇಷನ್ ದಾಟಿ ಬರಲು ಆಗುವುದಿಲ್ಲವೇ? ನನಗೂ ಒಂದು ಮರ್ಯಾದೆ ಬೇಡವೇ? "ಕಾಕಾ, ಮೈನೇ ಟ್ರೇನ್ ಸೇ ಜಾವೂಂಗಿ" ಎಂದು ಕಾಲು ಹೊರಗೆ ತೆಗೆದೆ. (ಸಿಟ್ಟು ಬಂದಾಗ ನನ್ನ ಹಿಂದಿಯ ವ್ಯಾಕರಣ ಮೊದಲು ಹೋಗುತ್ತದೆ.)

ರಿಕ್ಷಾ ಹಿಡಿದು ಸ್ಟೇಷನ್ನಿಗೆ ಬಂದಾಗ ಹತ್ತೂಕಾಲು. ಮೆಟ್ಟಿಲನ್ನು ಕಂಬಿ ಹಿಡಿದು, ಪಕ್ಕಕ್ಕೆ ತಿರುಗಿ, ಒಂದೊಂದಾಗಿ ಮುಗಿಸಿದೆ. ಪ್ಲಾಟ್‌ಫಾರ್ಮಿಗೆ ಕಾಲಿಡುವಾಗ ಠಾಣೆ ಗಾಡಿ ನಿಂತಿತ್ತು. ಲೇಡೀಸ್ ಡಬ್ಬ ದೂರ. ಹೋಗಲಿ ಬಿಡು, ಇನ್ನೊಂದು ಬರುತ್ತದೆ ಅಂದುಕೊಂಡೆ.

"ಓಡs ಉಡುಪಿ! ಓಡು!"

ಲೇಡೀಸ್ ಡಬ್ಬ ನಿಲ್ಲುವ ಜಾಗದಲ್ಲಿ, ಗಾಡಿಯ ಟೈಮ್ ತೋರಿಸುವ ಇಂಡಿಕೇಟರಿನ ಕೆಳಗೆ, ಹಳದಿ ಸೀರೆಯ ನೀಲಕ್ಕ. ಒಂದು ಕೈಯಲ್ಲಿ ಸ್ಟೀಲ್ ಡಬ್ಬಿ. ಇನ್ನೊಂದು ಕೈ ಗಾಳಿಯಲ್ಲಿ.

ನಾನು ಓಡಿದೆ. ದೇವರಾಣೆಗೂ ಓಡಿದೆ. ಮೆಡಲ್ ಎದೆಗೆ ಬಡಿಯುತ್ತಿತ್ತು, ತೊಡೆ ಹಿಡಿದುಕೊಂಡಿತ್ತು, ಪ್ಲಾಟ್‌ಫಾರ್ಮಿನ ಜನ ತಿರುಗಿ ನೋಡುತ್ತಿದ್ದರು. ಆ ದಿನದ ನನ್ನ ಅತ್ಯಂತ ವೇಗದ ಓಟ ಅದೇ ಇರಬೇಕು. ಅದನ್ನು ಯಾರೂ ಅಳೆಯಲಿಲ್ಲ. ಗಾಡಿ ಹೊರಟೇ ಹೋಯಿತು. ನಾವಿಬ್ಬರೂ ಅದರ ಕಡೆ ನೋಡಲೂ ಇಲ್ಲ.

ಅಪ್ಪಿಕೊಂಡ ಮೇಲೆ ಜಗಳ ಶುರು ಮಾಡಿದೆ. "ಎಂತ ನೀಲಕ್ಕ, ಗುಡ್ಡದ ಹತ್ರ ಬರ್ಬಾರ್ದಿತ್ತಾ? ಎಷ್ಟು ಹುಡುಕಿದೆ ಗೊತ್ತುಂಟಾ?"

"ಅಷ್ಟ ಮಂದ್ಯಾಗ ನಿನ್ನ ಎಲ್ಲಿ ಹುಡುಕ್ಲಿ? ಎಷ್ಟರ ಓಡು, ಕಡೀಕ ಇಲ್ಲಿಗೇ ಬರಬೇಕಲ್ಲ ನೀ. ಎಂಟಕ್ಕ ಬಂದ ನಿಂತೀನಿ."

"ನಾನು ಕಾರಲ್ಲಿ ಹೋಗಿದ್ರೆ?"

ಹಡಗಿನಲ್ಲಿ ಹೋಗಿದ್ದರೆ ಎಂದು ಕೇಳಿದವಳನ್ನು ನೋಡುವಂತೆ ನೋಡಿದಳು. "ಯಾಕ? ಗಾಡಿ ಬಂದ್ ಇದ್ದುವೇನು?"

"ಒಂದು ಫೋನಾದ್ರೂ?"

"ನಾವು ಯಾವತ್ತರ ಫೋನ್ ಮಾಡಿ ಸಿಕ್ಕೀವೇನು?"

ನಾನು ಅವಳ ಕೈಯ ಡಬ್ಬಿ ಕಿತ್ತುಕೊಂಡು ತೆರೆದೆ. ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಇತ್ತು. ಬೆಂಚಿನ ಮೇಲೆ ಕೂತು ತಿಂದೆವು. ಎರಡನೇ ಗಾಡಿ ಬಂತು, ಹೋಯಿತು. ಒಂದು ಗಾಡಿ ತಪ್ಪಿದರೆ ಲೋಕವೇ ಮುಳುಗಿತು ಎಂಬಂತೆ ಬದುಕಿದ ಇಬ್ಬರು ಹೆಂಗಸರು, ಕೂತಲ್ಲಿಂದಲೇ ಗಾಡಿಗಳನ್ನು ಕಳಿಸಿಕೊಡುತ್ತಿದ್ದೆವು.

"ಆಫೀಸು ಹೇಗೆ ನೀಲಕ್ಕ?" ಎಂದು ಕೇಳಿದೆ.

"ಬಿಟ್ಟೆ." ಹೋಳಿಗೆಯ ಪುಡಿಯನ್ನು ಸೀರೆಯಿಂದ ಕೊಡವಿಕೊಂಡಳು. "ಇವರಿಗೆ ಲಕ್ವಾ ಹೊಡೀತು. ಒಂದೂವರಿ ವರ್ಷ ಆತು. ಎಡಗಡೆ ಪೂರಾ ಹೋಗೇತಿ. ಉಣಸೂದು, ತೊಳಿಯೂದು ಎಲ್ಲಾ ನಾನs. ಇವತ್ತ ಬಾಜೂ ಮನಿಯಾಕಿನ್ನ ಕೂಡ್ರಿಸಿ ಬಂದೀನಿ. ಹನ್ನೊಂದರ ತನಕ ಅಂದಾಳ. ಬ್ಲಾಕ್ ಶುರು ಆಗೂದ್ರಾಗ ಹೋಗಬೇಕು."

ಒಂದೂವರೆ ವರ್ಷ. ಅಷ್ಟೂ ದಿನ ಆರೂವರೆಗೆ ಗುಲಾಬಿ, ಸೂರ್ಯ, ಚಹಾದ ಕಪ್ಪು. ಅಷ್ಟೂ ದಿನ ನಾನು ಕೈ ಮುಗಿದಿದ್ದೆ.

"ನೀಲಕ್ಕ, ಒಂದು ಮಾತು ಹೇಳ್ಬಾರ್ದಿತ್ತಾ ನಂಗೆ?"

"ಹೂವಿನ ಕೆಳಗ ಅದನ್ನ ಹೆಂಗ ಬರೀಲೇ ತಂಗಿ? ಎದುರಿಗೆ ಸಿಕ್ಕಿದ್ರ ಬೋಗದೆ ಬರೂದ್ರಾಗ ಹೇಳಿ ಮುಗಸ್ತಿದ್ದೆ." ಅವಳು ನಕ್ಕಳು. ನನಗೆ ನಗಲಾಗಲಿಲ್ಲ. ಅವಳ ಕೈ ಹಿಡಿದುಕೊಂಡೆ. ಅಂಗೈ ಒರಟಾಗಿತ್ತು, ಫಿನಾಯಿಲ್ ವಾಸನೆ ಇತ್ತು. ಆ ಒಂದೂವರೆ ವರ್ಷದಲ್ಲಿ ಒಂದೇ ಒಂದು ದಿನ ಈ ಬೆಂಚಿನ ಮೇಲೆ ಅವಳ ಪಕ್ಕ ಕೂತಿದ್ದರೆ ಎಂದು ಎಷ್ಟು ಆಸೆಯಾಯಿತೆಂದರೆ, ಹೋದ ದಿನಗಳನ್ನು ಯಾರಾದರೂ ವಾಪಸ್ ಕೊಟ್ಟರೆ ಇನ್ನೊಂದು ಸಲ ಆ ಗುಡ್ಡ ಹತ್ತಿ ಬರುತ್ತಿದ್ದೆ.

ಬ್ಲಾಕಿನ ಅನೌನ್ಸ್‌ಮೆಂಟ್ ಮೂರು ಭಾಷೆಯಲ್ಲಿ ಶುರುವಾಯಿತು. ಮುಂದಿನ ಠಾಣೆ ಗಾಡಿ ಹತ್ತಿದೆವು. ಡಬ್ಬದಲ್ಲಿ ಒಂದೇ ಸೀಟು ಖಾಲಿ. ನಾನು ಬಾಯಿ ತೆರೆಯುವ ಮೊದಲೇ ನೀಲಕ್ಕ ನನ್ನ ಭುಜ ಒತ್ತಿ ಕೂರಿಸಿದಳು. ಬೇಲಾಪುರದಿಂದ ನೆರೂಳಕ್ಕೆ ನಡುವೆ ಸೀವುಡ್ಸ್ ಒಂದೇ ಸ್ಟೇಷನ್. ಅಂದರೆ ಸೀವುಡ್ಸ್ ಬಂದರೆ ಅರ್ಧ ದಾರಿ.

ಸೀವುಡ್ಸ್ ಬಂತು. ನಾನು ಎದುರಿನ ಸರಳು ಹಿಡಿದು ಎದ್ದೆ. ತೊಡೆಗಳೆರಡೂ ಬೇಡ ಬೇಡ ಅಂದವು.

"ಠಾಣೆ ಬಂತು ನೀಲಕ್ಕ. ಕೂತ್ಕೊಳ್ಳಿ."

ಅವಳು ನನ್ನನ್ನೇ ನೋಡಿದಳು. ಬೇಡ ಅನ್ನಲಿಲ್ಲ, ಸಣಕಲಿ ಅನ್ನಲಿಲ್ಲ. ಸುಮ್ಮನೆ ಕೂತಳು. ಕೂತು ಕಣ್ಣು ಮುಚ್ಚಿದಳು. ಮೂರೇ ನಿಮಿಷ. ಒಂದೂವರೆ ವರ್ಷದಿಂದ ಅವಳನ್ನು ಕೂತುಕೊಳ್ಳಿ ಎಂದವರು ಯಾರೂ ಇರಲಿಲ್ಲ ಎಂದು ಆ ಮುಖ ನೋಡಿದರೆ ತಿಳಿಯುತ್ತಿತ್ತು.

ನೆರೂಳ ಬಂತು. ಖಾಲಿ ಡಬ್ಬಿ ಹಿಡಿದು ಇಳಿದಳು. "ಹೂಂ, ಬರ್ತೀನಿ" ಅಂದಳು, ನಾಳೆ 8.04ಕ್ಕೆ ಸಿಗುವವಳಂತೆ. "ಹ್ಞಾಂ ನೀಲಕ್ಕ" ಅಂದೆ, ನಾನೂ ಹಾಗೆಯೇ. ಗಾಡಿ ಹೊರಟಿತು. ಅವಳ ಹಳದಿ ಸೀರೆ ಜನರ ನಡುವೆ ಸ್ವಲ್ಪ ಹೊತ್ತು ಕಂಡಿತು.

ನಾನು ಇಳಿಯಲಿಲ್ಲ. ಯಾಕೆ ಇಳಿಯಲಿಲ್ಲ? ಒಂದು ಗಂಟೆ ಅವಳ ಮನೆಗೆ ಹೋಗಿ, ಅವಳ ಗಂಡನ ಮಂಚದ ಪಕ್ಕ ಕೂತು, ಅವಳಿಗೆ ಒಂದು ಲೋಟ ಚಹಾ ಮಾಡಿಕೊಟ್ಟು ಬರಬಹುದಿತ್ತಲ್ಲ? ಇಪ್ಪತ್ತೊಂದು ಕಿಲೋಮೀಟರ್ ಓಡಿದ ಕಾಲಿಗೆ ಆ ಬಾಗಿಲು ದಾಟುವುದು ತೋಚಲಿಲ್ಲ. ನನ್ನ ಸ್ಟೇಷನ್ ಬಂದಿರಲಿಲ್ಲ, ಅದಕ್ಕೆ ನಾನು ಇಳಿಯಲಿಲ್ಲ. ನಮ್ಮ ಅಭ್ಯಾಸ ಅಂಥದ್ದು.

ಜುಯಿನಗರ ದಾಟುವಾಗ ಫೋನ್ ತೆಗೆದು ನೋಡಿದೆ. ‘ನೀಲಾ 8.04’. ನೆರೂಳದಲ್ಲಿ ಯಾವ ಸೆಕ್ಟರು, ಯಾವ ಬಿಲ್ಡಿಂಗು, ಎಷ್ಟನೇ ಮಾಳಿಗೆ? ಒಂದೂ ಕೇಳಿರಲಿಲ್ಲ. ನೀಲಕ್ಕ ಬಿಟ್ಟುಹೋದ ಸೀಟಿನಲ್ಲಿ ಮತ್ತೆ ಕೂತಿದ್ದೆ. ಅಷ್ಟರಲ್ಲಿ ಪಕ್ಕದಲ್ಲಿ ನಿಂತಿದ್ದ ಹೆಂಗಸು ನನ್ನ ಭುಜ ತಟ್ಟಿ, ಸೀಟು ಸಿಗುವ ಆಸೆಯಿಂದ ಎಲ್ಲ ಗಾಡಿಯಲ್ಲೂ ಎಲ್ಲರೂ ಕೇಳುವ ಪ್ರಶ್ನೆ ಕೇಳಿದಳು.

"ಕಹಾಂ ಉತರ್ನಾ ಹೈ?"

ಎಲ್ಲಿ ಇಳಿಯುತ್ತೀರಿ ಎಂದು ದಿನಾ ಎಷ್ಟು ಜನರನ್ನು ಕೇಳುತ್ತೇವೆ. ಇಳಿದ ಮೇಲೆ ಎಲ್ಲಿಗೆ ಹೋಗುತ್ತೀರಿ ಎಂದು ಯಾರನ್ನಾದರೂ ಕೇಳಿದ್ದೇವೆಯೇ?